ಕಾವಲಿ ಮುಂದೆಯೇ ಜಾಗ ಕೇಳಿ

ಪ್ರಶ್ನೆ: ಅಕ್ಕಾ, ನಮಸ್ಕಾರ. ನಮ್ಮ ಮಗ ಹಿರೋಶಿಮಾದಲ್ಲಿ ಕೆಲಸದಲ್ಲಿದ್ದಾನೆ. ಏಪ್ರಿಲ್‌ನಲ್ಲಿ ನಾನು, ನಮ್ಮ ಯಜಮಾನರು ಮೊದಲ ಸಲ ಅಲ್ಲಿಗೆ ಹೊರಟಿದ್ದೇವೆ. 'ಮಿಚ್ಚಾನ್' ಅಂತ 1950ರಿಂದ ನಡೆಯುತ್ತಿರುವ ಹೋಟೆಲ್ ಇದೆಯಂತೆ. ಅಲ್ಲಿ ಓಕೊನೊಮಿಯಾಕಿ ತಿನ್ನಿಸುತ್ತೇನೆ, ಅದು ಜಪಾನಿನ ದೋಸೆ ಅಂದುಕೊಳ್ಳಿ ಅಂತಾನೆ. ಯಜಮಾನರು ಮೊಟ್ಟೆ ತಿನ್ನುತ್ತಾರೆ, ನಾನು ಅದನ್ನೂ ಮುಟ್ಟುವುದಿಲ್ಲ. ನೀವು ಹೋಗಿ ಬಂದವರು. ಅದು ನಿಜಕ್ಕೂ ದೋಸೆಯಾ? ಅಲ್ಲಿ ಹೇಗೆ ನಡೆದುಕೊಳ್ಳಬೇಕು?
(ಓದುಗರೊಬ್ಬರು, ಎಂಸಿಸಿ ಬಿ ಬ್ಲಾಕ್, ದಾವಣಗೆರೆ)

ಉತ್ತರ: ದೋಸೆ ಅಲ್ಲ. ಮಗನಿಗೆ ಬೈಯಬೇಡಿ, ನನ್ನನ್ನೂ ಹಾಗೇ ಹೇಳಿ ಕರೆದುಕೊಂಡು ಹೋಗಿದ್ದರು. ಹಿಟ್ಟು ಮೈದಾದ್ದು. ಹುದುಗು ಬರಿಸುವುದಿಲ್ಲ, ಅಕ್ಕಿ ಉದ್ದಿನ ಸುದ್ದಿಯೇ ಇಲ್ಲ, ಬೆಣ್ಣೆಯಂತೂ ಕೇಳಲೇಬೇಡಿ. ನಮ್ಮ ಬೆಣ್ಣೆ ದೋಸೆಯ ರುಚಿ ನಾಲಿಗೆಯಲ್ಲಿ ಇಟ್ಟುಕೊಂಡು ಹೋದರೆ ನಿರಾಸೆ ಗ್ಯಾರಂಟಿ. ಆದರೆ ಹೋಟೆಲ್ ಇದೆಯಲ್ಲ, ಅದು ಮಾತ್ರ ನಮ್ಮೂರಿನದೇ ಅನ್ನಿಸುತ್ತದೆ. ಬಾಗಿಲ ಹೊರಗೆ ಸಾಲು, ಒಳಗೆ ಕಾವಲಿಯ ಬಿಸಿ, ಒಂದೇ ತಿಂಡಿಗೆ ಹೆಸರಾದ ಜಾಗ, ಬೆಳಗಿಂದ ರಾತ್ರಿವರೆಗೆ ಅದನ್ನೇ ಹಾಕುತ್ತಾ ನಿಂತ ಕೈಗಳು. ನಮ್ಮಲ್ಲಿ ತಿನ್ನುವವರ ಕುರ್ಚಿ ಹಿಂದೆಯೇ ಹೋಗಿ ನಿಲ್ಲುತ್ತೇವೆ, ಅಲ್ಲಿ ಹೊರಗೆ ಸಾಲಿನಲ್ಲಿ ನಿಲ್ಲುತ್ತಾರೆ. ಅಷ್ಟೇ ವ್ಯತ್ಯಾಸ.

ಹೋದ ತಕ್ಷಣ ಮೇಜು ತೋರಿಸಿದರೆ ಬೇಡ ಅನ್ನಿ. ಹತ್ತು ನಿಮಿಷ ಜಾಸ್ತಿ ಕಾಯಬೇಕಾದರೂ ಪರವಾಗಿಲ್ಲ, ಕೌಂಟರ್ ಅಂತ ಹೇಳಿ ಕಾವಲಿ ಮುಂದೆಯೇ ಜಾಗ ಕೇಳಿ. ಯಾಕೆ ಅಂದರೆ ಇದು ನೋಡಿ ತಿನ್ನುವ ತಿಂಡಿ. ಆರ್ಡರ್ ಕೊಟ್ಟ ಮೇಲೆ ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಮೇಜಿನಲ್ಲಿ ಕೂತವರಿಗೆ ಅದು ಬರೀ ಕಾಯುವ ಹೊತ್ತು. ಕಾವಲಿ ಮುಂದೆ ಕೂತವರಿಗೆ ಅದೇ ಅರ್ಧ ಊಟ.

ಮೊದಲು ಕಾವಲಿ ಮೇಲೆ ಸೌಟಿನಿಂದ ತೆಳ್ಳಗೆ ಒಂದು ಸುತ್ತು ಎಳೆಯುತ್ತಾರೆ, ನೀರು ದೋಸೆಗಿಂತ ತೆಳು. ಅದರ ಮೇಲೆ ಒಣ ಮೀನಿನ ಪುಡಿ ಉದುರಿಸುತ್ತಾರೆ. ಆಮೇಲೆ ಎಲೆಕೋಸು, ಎಳೆಎಳೆಯಾಗಿ ಹೆಚ್ಚಿದ್ದು, ಎರಡೂ ಕೈ ತುಂಬ. ಇಷ್ಟು ಯಾರು ತಿನ್ನೋದು ಅನ್ನಿಸುವಷ್ಟು ಎತ್ತರದ ಗುಡ್ಡೆ. ಮೇಲೆ ಮೊಳಕೆ ಕಾಳಿನ ದಂಟು, ಮತ್ತೆ 'ತೆಂಕಾಸು' ಅನ್ನುವ ಗರಿಗರಿ ಚೂರು. ಮೆಣಸಿನಕಾಯಿ ಬಜ್ಜಿ ಕರಿದ ಮೇಲೆ ಬಾಣಲೆಯಲ್ಲಿ ಹಿಟ್ಟಿನ ಚೂರು ಉಳಿಯುತ್ತದಲ್ವಾ, ಮಂಡಕ್ಕಿ ಅಂಗಡಿಯಲ್ಲಿ ನಾವು ಮಕ್ಕಳಾಗಿದ್ದಾಗ ಕೇಳಿ ಇಸಿದುಕೊಳ್ಳುತ್ತಿದ್ದದ್ದು, ಅದೇ ಇದು. ಕೊನೆಗೆ ಹಂದಿ ಮಾಂಸದ ತೆಳು ಪಟ್ಟಿ. ಆಗ ಎರಡು ಮಗುಚುವ ಕೈ ಕೆಳಗೆ ತೂರಿಸಿ, ಇಡೀ ಗುಡ್ಡೆಯನ್ನು ಒಂದೇ ಸಲ ತಲೆಕೆಳಗು ಮಾಡುತ್ತಾರೆ ನೋಡಿ, ನಾನು ಉಸಿರು ಹಿಡಿದಿದ್ದೆ. ಒಂದೆಳೆ ಕೋಸು ಆಚೆ ಬಿತ್ತು, ಅದನ್ನು ತುದಿಯಿಂದ ಒಳಗೆ ತಳ್ಳಿದರು. ಅಷ್ಟೇ.

ಈಗ ದೋಸೆ ಮೇಲೆ, ಕೋಸು ಕೆಳಗೆ. ತನ್ನ ಹಬೆಯಲ್ಲೇ ಕೋಸು ಬೇಯುತ್ತಾ ಗುಡ್ಡೆ ನಿಧಾನವಾಗಿ ಕುಸಿಯುತ್ತದೆ. ಪಕ್ಕದಲ್ಲಿ ನೂಡಲ್ಸ್ ಹುರಿದು ದುಂಡಗೆ ಹರಡಿ, ಇದನ್ನು ಎತ್ತಿ ಅದರ ಮೇಲೆ ಕೂರಿಸುತ್ತಾರೆ. ಇನ್ನೊಂದು ಪಕ್ಕ ಮೊಟ್ಟೆ ಒಡೆದು, ಹಳದಿಯನ್ನು ಮಗುಚುವ ಕೈಯ ಮೂಲೆಯಿಂದ ಕುಕ್ಕಿ ದುಂಡಗೆ ಹರಡಿ, ಅದರ ಮೇಲೆ ಇಡೀ ಗೋಪುರ. ಮತ್ತೆ ಮಗುಚಿದರೆ ಮೊಟ್ಟೆ ಮೇಲೆ ಬರುತ್ತದೆ. ಅದಕ್ಕೆ ಕಪ್ಪು ಕಂದು ಸಾಸ್ ಬಳಿದು, ಸಮುದ್ರ ಪಾಚಿಯ ಹಸಿರು ಪುಡಿ ಉದುರಿಸಿ, ಕಾವಲಿ ಮೇಲೆಯೇ ನಿಮ್ಮ ಮುಂದಕ್ಕೆ ಜಾರಿಸುತ್ತಾರೆ.

ತಟ್ಟೆ ಹುಡುಕಬೇಡಿ. 'ಹೆರಾ' ಅಂತ ಚಿಕ್ಕ ಮಗುಚುವ ಕೈ ಕೊಡುತ್ತಾರೆ. ಅದರಿಂದಲೇ ಚೌಕ ಚೌಕವಾಗಿ ಕತ್ತರಿಸಿ, ಅದರಲ್ಲೇ ಎತ್ತಿ ಬಾಯಿಗೆ. ನಾನು ಜಾಣತನ ತೋರಿಸಲು ಹೋಗಿ ಚಾಪ್‌ಸ್ಟಿಕ್ ಹಿಡಿದೆ. ನೂಡಲ್ಸ್ ಒಂದು ಕಡೆ, ಕೋಸು ಒಂದು ಕಡೆ, ದೋಸೆ ಇನ್ನೊಂದು ಕಡೆ ಆಯಿತು. ಆಮೇಲೆ ಹೆರಾ ಹಿಡಿದೆ, ಆತುರದಲ್ಲಿ ನಾಲಿಗೆ ಸುಟ್ಟುಕೊಂಡೆ. ಊದಿಕೊಂಡು ತಿನ್ನಿ, ಕೊನೆವರೆಗೂ ಬಿಸಿ ಇರುತ್ತದೆ.

ಇನ್ನು ನಿಮ್ಮ ಮುಖ್ಯ ಚಿಂತೆ. ನೇರವಾಗಿ ಹೇಳುತ್ತೇನೆ, ಮಿಚ್ಚಾನ್‌ನಲ್ಲಿ ನೀವು ನೋಡಿ ಖುಷಿ ಪಡಿ, ತಿನ್ನಬೇಡಿ. 'ನಿಕು ನುಕಿ' ಅಂದರೆ ಮಾಂಸ ತೆಗೆದು, 'ತಮಾಗೊ ನುಕಿ' ಅಂದರೆ ಮೊಟ್ಟೆ ತೆಗೆದು. ಈ ಎರಡು ಮಾತು ಅವರು ಹಿಟ್ಟು ಎಳೆಯುವ ಮೊದಲೇ ಹೇಳಬೇಕು. ಆದರೆ ಮಾಂಸ ತೆಗೆದ ಮಾತ್ರಕ್ಕೆ ಸಸ್ಯಾಹಾರ ಆಗುವುದಿಲ್ಲ. ಮೀನಿನ ಪುಡಿ ಇದೆ, ಸಾಮಾನ್ಯವಾಗಿ ಈ ಸಾಸ್‌ಗಳಲ್ಲಿ ಮಾಂಸದ ಸಾರವೂ ಇರುತ್ತದೆ, ಕಾವಲಿಯೂ ಒಂದೇ. ಯಜಮಾನರಿಗೂ ಇದನ್ನು ಹೇಳಿ, ಅವರು ತೀರ್ಮಾನ ಮಾಡಲಿ. ನಿಮಗೆ ಬೇರೆ ದಾರಿ ಇದೆ. ಶಾಂತಿ ಉದ್ಯಾನದ ಹತ್ತಿರ 'ನಾಗತಾಯಾ' ಅಂತ ಹೋಟೆಲ್ ಇದೆ. ಅಷ್ಟು ಹಳೆಯದಲ್ಲ, ಆದರೆ ಅಲ್ಲಿ ಸಸ್ಯಾಹಾರಿಗಳಿಗೇ ಬೇರೆ ಓಕೊನೊಮಿಯಾಕಿ ಮಾಡುತ್ತಾರೆ. ಮೊಟ್ಟೆ ಬೇಡ ಅಂತ ಅಲ್ಲೂ ಮೊದಲೇ ಹೇಳಿ. ನೂಡಲ್ಸ್‌ನಲ್ಲೂ ಕೆಲವು ಸಲ ಮೊಟ್ಟೆ ಇರುತ್ತದೆ, ಅದರ ಬದಲು 'ಉದೋನ್' ಅನ್ನುವ ದಪ್ಪ ನೂಡಲ್ಸ್ ಕೇಳಬಹುದು. ಮಗ ಜೊತೆಗಿರುತ್ತಾನಲ್ಲ, ಅವನ ಕೈಲೇ ಕೇಳಿಸಿ.

ಹಾಗಾದರೆ ತಿನ್ನದೆ ಮಿಚ್ಚಾನ್‌ಗೆ ಯಾಕೆ ಹೋಗಬೇಕು ಅಂತೀರಾ? ಅದರ ಕಥೆಗೆ. 1945ರ ಆಗಸ್ಟ್ 6ರಂದು ಬಾಂಬ್ ಬಿದ್ದು ಊರೇ ಸುಟ್ಟುಹೋಗಿತ್ತು. ಅಕ್ಕಿ ಸಿಗುತ್ತಿರಲಿಲ್ಲ, ಅಮೆರಿಕದ ನೆರವಿನ ಗೋಧಿ ಹಿಟ್ಟು ಬರುತ್ತಿತ್ತು. ಯುದ್ಧಕ್ಕೆ ಮೊದಲು ಮಕ್ಕಳು ಒಂದು ಪುಡಿಗಾಸಿಗೆ ಕೊಂಡು ತಿನ್ನುತ್ತಿದ್ದ 'ಇಸ್ಸೆನ್ ಯೋಶೊಕು' ಅನ್ನುವ ತೆಳು ದೋಸೆ ಇತ್ತು. ಅದಕ್ಕೇ ಹೊಟ್ಟೆ ತುಂಬಲಿ ಅಂತ ಅಗ್ಗದ ಕೋಸು ತುಂಬಿದರು, ಆಮೇಲೆ ನೂಡಲ್ಸ್ ಸೇರಿತು. ಗಂಡನನ್ನು ಕಳೆದುಕೊಂಡ ಎಷ್ಟೋ ಹೆಂಗಸರು ಮನೆಯ ಮುಂಭಾಗದಲ್ಲೇ ಕಾವಲಿ ಇಟ್ಟು ಸಂಸಾರ ತೂಗಿಸಿದರು. ಊರ ತುಂಬ ಅಂಗಡಿ ಹೆಸರುಗಳ ಕೊನೆಗೆ 'ಚಾನ್' ಅಂತ ಕಾಣುತ್ತದೆ, ನಮ್ಮ ಪುಟ್ಟಿ, ಚಿನ್ನಿ ಅನ್ನುವ ಹಾಗೆ ಮನೆಯ ಮುದ್ದು ಹೆಸರು. ಮಿಚ್ಚಾನ್ ಕೂಡ ರಸ್ತೆ ಬದಿಯ ಗಾಡಿಯಿಂದಲೇ ಶುರುವಾದದ್ದು, ಗಾಡಿ ಇಟ್ಟವರ ಮಗ ಮಿತ್ಸುವೊನ ಮುದ್ದು ಹೆಸರು ಅದು. ನನಗೆ ಅಲ್ಲಿ ಕೂತಾಗ ನೆನಪಾದದ್ದು ನಮ್ಮ ಚೆನ್ನಮ್ಮ. 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ದಾವಣಗೆರೆಗೆ ಬಂದು, ನಾಟಕದ ಥಿಯೇಟರ್ ಹೊರಗೆ ರಾಗಿ ದೋಸೆ ಹಾಕುತ್ತಿದ್ದರು ಅಂತ ಹಿರಿಯರು ಹೇಳುತ್ತಾರಲ್ಲ, ಅವರು. ಬೆಣ್ಣೆ ದೋಸೆ ಬಂದದ್ದು ಆಮೇಲೆ.

ಸಣ್ಣಪುಟ್ಟದ್ದು: ಮಿಚ್ಚಾನ್‌ನ ಮುಖ್ಯ ಅಂಗಡಿ ಹಟ್ಚೋಬೋರಿಯಲ್ಲಿದೆ, ಟ್ರಾಮ್‌ನಲ್ಲಿ ಹೋಗಿ. ಬಾಂಬ್ ಬಿದ್ದ ಮೂರೇ ದಿನಕ್ಕೆ ಮತ್ತೆ ಓಡಿದ ಟ್ರಾಮ್ ಅದು. ಒಂದಕ್ಕೆ ಸುಮಾರು ಸಾವಿರ ಯೆನ್ ಅಂದುಕೊಳ್ಳಿ. ಟಿಪ್ಸ್ ಇಡಬೇಡಿ, ಮರೆತು ಹೋದಿರಿ ಅಂತ ಹಿಂದೆಯೇ ಓಡಿ ಬಂದು ವಾಪಸ್ ಕೊಡುತ್ತಾರೆ. ಏಳುವಾಗ 'ಗೊಚಿಸೋಸಾಮಾ' ಅನ್ನಿ, ಊಟ ಚೆನ್ನಾಗಿತ್ತು ಅಂದ ಹಾಗೆ. ತಿಂದ ಮೇಲೆ ಹರಟೆಗೆ ಕೂರಬೇಡಿ, ಹೊರಗೆ ಸಾಲು ಇದೆ.

ಪ್ರಶ್ನೆ: ಮೇಡಂ, ನಾವು ಗೆಳೆಯರು ಒಸಾಕಾವರೆಗೆ ಮಾತ್ರ ಹೋಗುತ್ತೇವೆ. ಅಲ್ಲೂ ಓಕೊನೊಮಿಯಾಕಿ ಸಿಗುತ್ತದಂತೆ. ಅದೇ ಅಲ್ವಾ?
(ಚಿತ್ರದುರ್ಗದ ಓದುಗ)

ಉತ್ತರ: ಹೆಸರು ಅದೇ. 'ಓಕೊನೊಮಿ' ಅಂದರೆ ನಿಮಗಿಷ್ಟ ಬಂದದ್ದು, 'ಯಾಕಿ' ಅಂದರೆ ಸುಟ್ಟದ್ದು, ಬೇಯಿಸಿದ್ದು. ಒಸಾಕಾದಲ್ಲಿ ಕೋಸು, ಹಿಟ್ಟು, ಮೊಟ್ಟೆ ಎಲ್ಲ ಪಾತ್ರೆಯಲ್ಲೇ ಕಲಸಿ ದಪ್ಪಗೆ ಹಾಕುತ್ತಾರೆ, ಊತಪ್ಪದ ಹಾಗೆ. ಹಿರೋಶಿಮಾದಲ್ಲಿ ಪದರ ಪದರ. ಎರಡೂ ಊರಿನವರ ಮುಂದೆ ಯಾವುದು ಚೆನ್ನ ಅಂತ ಬಾಯಿ ಬಿಡಬೇಡಿ. ಅದನ್ನು 'ಹಿರೋಶಿಮಾಯಾಕಿ' ಅಂದರೆ ಹಿರೋಶಿಮಾದ ಎಷ್ಟೋ ಜನಕ್ಕೆ ಮೈ ಉರಿಯುತ್ತದೆ, ಅವರಿಗೆ ಅದೇ ಓಕೊನೊಮಿಯಾಕಿ, ಉಳಿದದ್ದಕ್ಕೆ ಬೇಕಾದರೆ ಊರ ಹೆಸರು ಸೇರಿಸಿ. ಬೆಂಗಳೂರಲ್ಲಿ ಬೋರ್ಡ್ ಹಾಕಿಕೊಂಡ ಬೆಣ್ಣೆ ದೋಸೆ ಬಗ್ಗೆ ನಾವು ಮುಖ ಸಿಂಡರಿಸುತ್ತೇವಲ್ಲ, ಹಾಗೇ. ಶಿನ್ ಒಸಾಕಾದಿಂದ ಬುಲೆಟ್ ರೈಲಿನಲ್ಲಿ ಒಂದೂವರೆ ಗಂಟೆ ದಾರಿ. ಒಂದು ದಿನ ಬಿಡುವು ಮಾಡಿಕೊಂಡು ಹೋಗಿ ಬನ್ನಿ. ಹಿರೋಶಿಮಾ ಸ್ಟೇಷನ್ ಕಟ್ಟಡದೊಳಗೇ ಮಿಚ್ಚಾನ್‌ದೊಂದು ಅಂಗಡಿ ಇದೆ, ಅವಸರದವರಿಗೆ ಅದು ಸಾಕು.

ಪ್ರಶ್ನೆ: ಮನೆಯಲ್ಲೇ ಮಾಡಬಹುದಾ? ಮೊಟ್ಟೆ ಇಲ್ಲದೆ?
(ಓದುಗರು, ಹೊಳಲ್ಕೆರೆ)

ಉತ್ತರ: ಮಾಡಬಹುದು, ಮಗುಚುವಾಗ ಒಂದು ಸಲ ಕೆಡುತ್ತದೆ ಅಂತ ತಯಾರಾಗಿರಿ. ಮೈದಾ ನೀರಾಗಿ ಕಲಸಿ, ಅಗಲದ ಕಾವಲಿ ಮೇಲೆ ತೆಳ್ಳಗೆ ಎಳೆಯಿರಿ. ಕೋಸು ಸಣ್ಣಗೆ ಹೆಚ್ಚಿರಬೇಕು, ಪಲ್ಯಕ್ಕೆ ಹೆಚ್ಚುವುದಕ್ಕಿಂತ ತೆಳು. ಮೇಲೆ ಒಂದು ಚಮಚ ಹಿಟ್ಟು ಸುರಿದರೆ ಅಂಟಿಕೊಳ್ಳುತ್ತದೆ. ಮಗುಚಿದ ಮೇಲೆ ಉರಿ ಸಣ್ಣ ಮಾಡಿ, ಆತುರ ಪಡಬೇಡಿ, ಕೋಸು ಸಿಹಿಯಾಗಬೇಕು. ನೂಡಲ್ಸ್ ಬೇಯಿಸಿ, ಬೇರೆ ಕಡೆ ಗರಿಯಾಗುವ ಹಾಗೆ ಹುರಿದು ಸೇರಿಸಿ. ಮೊಟ್ಟೆಯ ಜಾಗಕ್ಕೆ ಇನ್ನೊಂದು ತೆಳು ದೋಸೆ. ಸಾಸ್‌ಗೆ ಟೊಮ್ಯಾಟೊ ಸಾಸ್, ಸೋಯಾ ಸಾಸ್, ಜೊತೆಗೆ ಖರ್ಜೂರ ನುಣ್ಣಗೆ ಅರೆದು ಕುದಿಸಿ. ಖರ್ಜೂರ ನನ್ನ ಕಲ್ಪನೆಯಲ್ಲ, ಹಿರೋಶಿಮಾದ ಹೆಸರಾದ ಓತಾಫುಕು ಸಾಸ್‌ನಲ್ಲೂ ಅದು ಇದೆ. ಗರಿಗರಿ ಚೂರಿಗೆ ಬಜ್ಜಿ ಕರಿದಾಗ ಉಳಿದದ್ದನ್ನು ತೆಗೆದಿಟ್ಟುಕೊಳ್ಳಿ. ಅದು ಇಲ್ಲ ಅಂತ ಮಂಡಕ್ಕಿ ಮಾತ್ರ ಹಾಕಬೇಡಿ. ನಾನು ಹಾಕಿ ನೋಡಿದ್ದೇನೆ, ಹಬೆಗೆ ಮೆತ್ತಗಾಗಿ ಎಲ್ಲ ಮುದ್ದೆಯಾಯಿತು.