ಮುಚ್ಚಿದ ಕೆನಾಲಿಗೆ ಗುರುತಿನ ಕಲ್ಲು

ಪ್ರಶ್ನೆ: ಮಲಪ್ರಭಾ ಬಲದಂಡೆ ಕಾಲುವೆಯ ಕವಲೊಂದು ನಮ್ಮೂರ ಮುಂದೆ ಹಾಯುತ್ತಿತ್ತು. ರಸ್ತೆ ಅಗಲ ಮಾಡುವಾಗ ಮುಚ್ಚಿದರು. ಆ ಜಾಗಕ್ಕೊಂದು ಕಲ್ಲು ನಿಲ್ಲಿಸಬೇಕು. ಹಿಂದೆ ನೆಟ್ಟ ತಗಡಿನ ಬೋರ್ಡು ಎರಡೇ ಮಳೆಗಾಲಕ್ಕೆ ವಾಲಿತು. ನಮ್ಮದು ಕಪ್ಪು ಎರಿ ಭೂಮಿ. ಏನು ಮಾಡಬೇಕು?
– ಓದುಗರು, ನರಗುಂದ ತಾಲ್ಲೂಕು

ಉತ್ತರ: ಬೋರ್ಡು ವಾಲಿಸಿದ್ದು ಎರಿ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಅಂಗೈ ತೂರುವಷ್ಟು ಬಿರಿಯುತ್ತದೆ. ಗಟಾರದ ಮಗ್ಗುಲು ಹಸಿ, ಹೊಲದ ಮಗ್ಗುಲು ಒಣ. ನಡುವೆ ನಿಂತ ಕಂಬ ನೆಟ್ಟಗಿರುವುದು ಹೇಗೆ? ತಗಡು ಮತ್ತೆ ಬೇಡ. ಬುಡ ತುಕ್ಕು ಹಿಡಿಯುತ್ತದೆ, ಇಲ್ಲವೇ ಗುಜರಿ ಸೇರುತ್ತದೆ. ಕಡಪಾ ಕಲ್ಲು ಬಿಸಿಲು ಮಳೆಗೆ ಪದರು ಬಿಡುತ್ತದೆ. ಗ್ರಾನೈಟೇ ಸರಿ, ಇಳಕಲ್ಲಿನದು ಹತ್ತಿರ. ಪಾಲಿಶ್ ಮಾಡಿಸಬೇಡಿ, ಇಳಿಬಿಸಿಲಿಗೆ ಹೊಳೆದು ಅಕ್ಷರ ಕಾಣುವುದಿಲ್ಲ.

ಕಲ್ಲು 150 ಸೆಂ.ಮೀ. ಉದ್ದ, 60 ಅಗಲ, 15 ದಪ್ಪ ಇರಲಿ. ತೂಕ ಸುಮಾರು 360 ಕೆ.ಜಿ., ಕೈಯಲ್ಲಿ ಎತ್ತಲು ಹೋಗಬೇಡಿ. ಗುಂಡಿ 110 × 65 ಸೆಂ.ಮೀ., ಆಳ 120. ತಳಕ್ಕೆ 60 ಸೆಂ.ಮೀ. ಗರಸು (ಮೊರಂ ಮಣ್ಣು) ಹಾಕಿ, 15 ಸೆಂ.ಮೀ.ಗೊಮ್ಮೆ ನೀರು ಹೊಡೆದು ದಮ್ಮಸು ಮಾಡಿ. ಮೇಲೆ 10 ಸೆಂ.ಮೀ. ಕಾಂಕ್ರೀಟ್ ಹಾಸು. ಅದು ಬಿಗಿದ ಮೇಲೆ ಕಲ್ಲು ನಿಲ್ಲಿಸಿ, ಸುತ್ತ 90 × 45ರ ಚೌಕಟ್ಟು ಕಟ್ಟಿ, ನೆಲಮಟ್ಟದವರೆಗೆ 1:2:4ರ (ಸಿಮೆಂಟು, ಉಸುಕು, ಜಲ್ಲಿ) ಕಾಂಕ್ರೀಟ್ ತುಂಬಿ. ಸಿಮೆಂಟು ಸುಮಾರು ಒಂದೂವರೆ ಚೀಲ ಬೇಕು, ಎರಡು ತಂದಿಟ್ಟುಕೊಳ್ಳಿ. ಮೂರು ದಿನ ಊರುಗೋಲು ತೆಗೆಯಬೇಡಿ, ಏಳು ದಿನ ಹಸಿ ಗೋಣಿಚೀಲ ಹೊದಿಸಿ. ಆಮೇಲೆ ಚೌಕಟ್ಟು ಬಿಚ್ಚಿ, ಸುತ್ತ ಉಳಿಯುವ 10 ಸೆಂ.ಮೀ. ಸಂದಿಗೆ ಉಸುಕು ತುಂಬಿ. ಗೌಂಡಿಗಳು ಅಲ್ಲಿ ಅಗೆದ ಎರಿಯನ್ನೇ ತಳ್ಳಿಬಿಡುತ್ತಾರೆ. ಪಕ್ಕದಲ್ಲಿ ನಿಂತು ತಡೆಯಿರಿ. ಎರಿ ಉಬ್ಬಿದಾಗ ಉಸುಕು ಒತ್ತಡ ನುಂಗುತ್ತದೆ. ಕೆಲಸಕ್ಕೆ ಡಿಸೆಂಬರ್, ಜನವರಿ ಒಳ್ಳೆಯದು, ಮಣ್ಣು ಅತಿ ಹಸಿಯೂ ಇರದು, ಬಿರಿದೂ ಇರದು.

ನೆಲದ ಮೇಲೆ ಒಂದು ಮೀಟರ್ ಉಳಿಯುತ್ತದೆ. ಕೆಳಗಿನ 25 ಸೆಂ.ಮೀ. ಹುಲ್ಲಿಗೆ, ಕೆಸರಿನ ಸಿಡಿತಕ್ಕೆ ಬಿಡಿ. ತಲೆಬರಹದ ಅಕ್ಷರ 75 ಮಿ.ಮೀ., ಉಳಿದದ್ದು 40 ಮಿ.ಮೀ., ಕೊರೆತದ ಆಳ 3–4 ಮಿ.ಮೀ. ಕನ್ನಡಕ್ಕೆ ಒತ್ತಕ್ಷರದ ಜಾಗ ಬೇಕು: ಸಾಲಿನಿಂದ ಸಾಲಿಗೆ 85 ಮಿ.ಮೀ. ಬಿಡದಿದ್ದರೆ ‘ಮುಚ್ಚಿದ’ದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ತಲೆಬರಹ, ಬಾಣ, ಅಂಚು ಕಳೆದರೆ ಸಿಗುವುದು ನಾಲ್ಕೈದು ಸಾಲು, ಸಾಲಿಗೆ ಹನ್ನೆರಡು ಅಕ್ಷರ. ಕಾಲುವೆಯ ಹೆಸರು, ಅಗಲ, ಮುಚ್ಚಿದ ವರ್ಷ, ಹರಿದ ದಿಕ್ಕಿಗೊಂದು ಬಾಣ, ಸಾಕು. ದಾನಿಗಳ ಪಟ್ಟಿ ಹಿಂಬದಿಗೆ ಹೋಗಲಿ. ‘ಪ್ರಾಚೀನ’ ಎಂದು ಕೊರೆಸಬೇಡಿ, ಈ ಕಾಲುವೆಗೆ ನೀರು ಬಿಡುವ ನವಿಲುತೀರ್ಥದ ಅಣೆಕಟ್ಟೆ ಮುಗಿದದ್ದೇ 1970ರ ದಶಕದಲ್ಲಿ.

ಮೊದಲು ಗ್ರಾಮ ಪಂಚಾಯಿತಿಯ ಠರಾವು ಮಾಡಿಸಿ. ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆಯ, ಕಾಲುವೆಯ ಜಮೀನಾದರೆ ನೀರಾವರಿ ನಿಗಮದ ಒಪ್ಪಿಗೆ ಬರವಣಿಗೆಯಲ್ಲಿ ಬೇಕು. ಕಲ್ಲು ಗಟಾರದ ಆಚೆ, ಹೊಲದ ಬದಿಗೆ ಇರಲಿ. ಈಚೆ ಇದ್ದರೆ ಗಟಾರ ಬಳಿಯುವ ಜೆಸಿಬಿಯ ಮೊದಲ ಪೆಟ್ಟು ಅದಕ್ಕೇ.

ಪ್ರಶ್ನೆ: ಮುಚ್ಚಿದ ಕಾಲುವೆ ಸರಿಯಾಗಿ ಎಲ್ಲಿತ್ತೆಂದು ಗ್ರಾಮ ನಕಾಶೆಯಿಂದ ತಿಳಿಯುತ್ತದೆಯೇ?
– ಓದುಗರು, ನವಲಗುಂದ

ಉತ್ತರ: ಅದೊಂದನ್ನೇ ನಂಬಿದರೆ ಕಲ್ಲು ಪಕ್ಕದ ಹೊಲದಲ್ಲಿ ನಿಂತೀತು. ನಕಾಶೆಯ ಒಂದು ಇಂಚು ನೆಲದ ಮೇಲೆ 660 ಅಡಿ, ಅರ್ಧ ಮಿ.ಮೀ. ಗೆರೆಯೇ ನಾಲ್ಕು ಮೀಟರ್ ನುಂಗುತ್ತದೆ. ಬ್ರಿಟಿಷರ ಕಾಲದ ನಕಾಶೆಯಲ್ಲಂತೂ ಮಲಪ್ರಭಾ ಕಾಲುವೆ ಇರುವುದೇ ಇಲ್ಲ. ಭೂಸ್ವಾಧೀನದ ಜಂಟಿ ಮೋಜಣಿ ನಕ್ಷೆ (ಕಾಲುವೆಗೆ ಜಮೀನು ತೆಗೆದುಕೊಂಡಾಗ ಅಳೆದದ್ದು) ಕೇಳಿ ಪಡೆಯಿರಿ. ಏಪ್ರಿಲ್‌ನಲ್ಲಿ ಹೊಲಕ್ಕೂ ಇಳಿಯಿರಿ: ಸುತ್ತಲ ಎರಿ ಬಿರಿದಿರುತ್ತದೆ, ಗರಸು ತುಂಬಿ ಮುಚ್ಚಿದ ಪಟ್ಟಿ ಬಿರಿದಿರುವುದಿಲ್ಲ. ಆ ಪಟ್ಟಿ ಹಳೆಯ ಅಡ್ಡಮೋರಿಯ ಬಾಯಿಗೆ ನೇರ ಕೂಡಿದರೆ ಅಲ್ಲೇ ಗೂಟ ಹೊಡೆಯಿರಿ.