ಬಿಸಿಲು ನೋಡಿ ಹೊಂದಿಸಿಕೊಳ್ಳುವ ದಿನ

ಮನೆಯಲ್ಲೇ ಕುಳಿತು ದುಡಿಯುವವರು ಹವ್ಯಾಸಕ್ಕೆ ಸಮಯವನ್ನು ಎಲ್ಲಿಂದ ತರುತ್ತಾರೆ, ಶರದೃತು ಕಾಲಿಡುವ ಈ ದಿನಗಳಲ್ಲಿ ನಿಮ್ಮ ಒಂದು ಸಾಧಾರಣ ದಿನ ಹೇಗಿರುತ್ತದೆ ಎಂದು ಕೇಳಿದ್ದೀರಿ. ನಾನು ಮೈಸೂರಿನ ಸರಸ್ವತಿಪುರಂನಲ್ಲಿದ್ದೇನೆ. ಪುಸ್ತಕಗಳ ಕರಡು ತಿದ್ದುವುದು ನನ್ನ ಜೀವನೋಪಾಯ. ನವರಾತ್ರಿಯಲ್ಲಿ ಕೂರಿಸುವ ಹಳೆಯ ಪಟ್ಟದ ಗೊಂಬೆಗಳನ್ನು ದುರಸ್ತಿ ಮಾಡುವುದು ಹವ್ಯಾಸ. ವರ್ಷದ ಉಳಿದ ತಿಂಗಳುಗಳಲ್ಲಿ ಇವೆರಡೂ ತಮ್ಮ ಪಾಡಿಗೆ ತಾವು ನಡೆಯುತ್ತವೆ. ಮಹಾಲಯ ಅಮಾವಾಸ್ಯೆಗೆ ಮುಂಚಿನ ಹದಿನೈದು ದಿನ ಮಾತ್ರ ನನ್ನ ದಿನಚರಿಯನ್ನು ಬಿಸಿಲು ನಿರ್ಧರಿಸುತ್ತದೆ. ಪಂಚಾಂಗದಲ್ಲಿ ಶರದೃತು ಆರಂಭವಾಗುವುದು ಅಮಾವಾಸ್ಯೆಯ ಮರುದಿನ, ನವರಾತ್ರಿಯ ಪಾಡ್ಯದಂದು. ಅಷ್ಟರೊಳಗೆ ಗೊಂಬೆಗಳು ಅವರವರ ಮನೆ ಸೇರಿರಬೇಕು. ಕಳೆದ ಬುಧವಾರ ಹೇಗೆ ಕಳೆಯಿತೆಂಬುದನ್ನೇ ಹೇಳುತ್ತೇನೆ.

ಹಿಂದಿನ ರಾತ್ರಿ ಉತ್ತರೆ ಮಳೆ ಒಂದು ಹದ ಬಿದ್ದಿತ್ತು. ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯಲು ಹೋದೆ. 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಊರಾಚೆಯ ಜಮೀನುಗಳಿಗೆ ನೀರುಣಿಸಲೆಂದು ಕಟ್ಟಿದ ಈ ಕೆರೆ ಈಗ ಊರಿನ ನಡುವೆಯೇ ಉಳಿದುಕೊಂಡಿದೆ. ವ್ಯಾಯಾಮದ ಜೊತೆಗೆ ನನಗೆ ಅಲ್ಲಿ ಇನ್ನೊಂದು ಕೆಲಸವೂ ಇರುತ್ತದೆ. ಆಚೆ ದಡದ ಮರಗಳ ಮೇಲೆ ಮಂಜು ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡಿದರೆ ಅಂದಿನ ಗಾಳಿಯಲ್ಲಿ ತೇವ ಎಷ್ಟಿದೆಯೆಂಬುದರ ಅಂದಾಜು ಸಿಗುತ್ತದೆ. ಆ ದಿನ ಆರೂಮುಕ್ಕಾಲಕ್ಕೆಲ್ಲ ಮಂಜು ಕರಗಿತು. ನೀರಿನ ನಡುವಿನ ಒಣಗಿದ ಮರದ ಕೊಂಬೆಯ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು, ಹೆಜ್ಜಾರ್ಲೆಗಳೆರಡು ಅಲುಗಾಡದೆ ತೇಲುತ್ತಿದ್ದವು. ಮಧ್ಯಾಹ್ನ ಗೊಂಬೆಗೆ ಮೆರುಗು ಹಚ್ಚಬಹುದು ಎಂದು ಅಲ್ಲೇ ತೀರ್ಮಾನಿಸಿದೆ. ಹೀಗೆ ತೀರ್ಮಾನವಾದೊಡನೆ ದಿನದ ಉಳಿದ ಕೆಲಸಗಳೆಲ್ಲ ಅದರ ಹಿಂದೆಮುಂದೆ ಜಾಗ ಹುಡುಕಿಕೊಳ್ಳಬೇಕು: ಪೇಟೆಯ ಓಡಾಟ ಬೆಳಿಗ್ಗೆಯೇ ಮುಗಿಯಬೇಕು, ಕರಡು ಎರಡು ಗಂಟೆಯೊಳಗೆ ಒಂದು ಹಂತಕ್ಕೆ ಬರಬೇಕು.

ಏಳೂವರೆಗೆ ದೇವರಾಜ ಮಾರುಕಟ್ಟೆಗೆ ಹೊರಟೆ. ಕೆ.ಆರ್. ವೃತ್ತದ ಬಳಿ ವಾಹನಗಳನ್ನು ನಿಲ್ಲಿಸಿದ್ದರು. ದಸರಾ ಆನೆಗಳು ಅರಮನೆಯಿಂದ ಬನ್ನಿಮಂಟಪದವರೆಗೆ ನಡೆದು ಅಭ್ಯಾಸ ಮಾಡುವ ದಿನಗಳಿವು. ಮುಂದಿನ ಆನೆಯ ಬೆನ್ನ ಮೇಲೆ ಮರಳಿನ ಮೂಟೆಗಳನ್ನು ಬಿಗಿದಿದ್ದರು. ಚಿನ್ನದ ಅಂಬಾರಿಯ ತೂಕ ಸುಮಾರು 750 ಕಿಲೋ. ಅದನ್ನು ಏಕಾಏಕಿ ಹೊರಿಸಲು ಬರುವುದಿಲ್ಲವೆಂದು ಮರಳಿನ ಭಾರವನ್ನು ದಿನದಿಂದ ದಿನಕ್ಕೆ ಏರಿಸುತ್ತಾ ಹೋಗುತ್ತಾರೆ. ಹತ್ತು ನಿಮಿಷ ತಡವಾಯಿತು, ಆದರೂ ನಿಂತಿದ್ದವರಲ್ಲಿ ಒಬ್ಬರೂ ಹಾರ್ನ್ ಮಾಡಲಿಲ್ಲ. ಈ ಊರಿನ ಮೇಲೆ ನನಗಿರುವ ಪ್ರೀತಿಗೆ ಇಂಥ ಹತ್ತು ನಿಮಿಷಗಳೂ ಕಾರಣ.

ಪಕ್ಷಮಾಸದಲ್ಲಿ ಮದುವೆ, ಮುಂಜಿ ಇರುವುದಿಲ್ಲವಾದ್ದರಿಂದ ಹೂವಿನ ಬೆಲೆ ಇಳಿದಿತ್ತು. ಎರಡು ಮಾರು ಸೇವಂತಿಗೆ, ಒಂದು ಕವಳಿಗೆ ವೀಳ್ಯದೆಲೆ, ಅರ್ಧ ಕಿಲೋ ಈರನಗೆರೆ ಬದನೆಕಾಯಿ ಕೊಂಡೆ. ಗ್ರಂಧಿಗೆ ಅಂಗಡಿಯಲ್ಲಿ ನೂರು ಗ್ರಾಂ ಅರಗು ತೂಗಿಸಿಕೊಂಡೆ. ದರ್ಜಿಯೊಬ್ಬರು ರವಿಕೆ ಹೊಲಿದು ಉಳಿದ ರೇಷ್ಮೆ ಚೂರುಗಳನ್ನು ನನಗಾಗಿ ಒಂದು ಚೀಲದಲ್ಲಿ ಕೂಡಿಡುತ್ತಾರೆ. ಅದನ್ನೂ ಎತ್ತಿಕೊಂಡು ಒಂಬತ್ತೂವರೆಗೆ ಮನೆ ಸೇರಿದೆ. ಬ್ಯಾಂಕಿನ ಕೆಲಸ ಮರುದಿನಕ್ಕೆ ಉಳಿಯಿತು.

ಹತ್ತರಿಂದ ಎರಡರವರೆಗೆ ಕರಡು. ನನ್ನ ಮೇಜು ಪೂರ್ವದ ಕಿಟಕಿಯ ಬಳಿ ಇದೆ. ಮಳೆಗಾಲದುದ್ದಕ್ಕೂ ಹಗಲಿನಲ್ಲೇ ದೀಪ ಹಾಕಿಕೊಂಡು ಓದಿದ ಕಣ್ಣಿಗೆ ಈ ತಿಂಗಳ ಬೆಳಕು ದೊಡ್ಡ ಉಪಕಾರ. ಅಂದು ಕೈಯಲ್ಲಿದ್ದದ್ದು 16 ಪುಟಗಳ ಎರಡು ಫಾರಂ. ಹಳೆಯ ನುಡಿ ತಂತ್ರಾಂಶದಲ್ಲಿ ಬೆರಳಚ್ಚಾದ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿದ್ದರಿಂದ ಅರ್ಕಾವತ್ತುಗಳು ಅಲ್ಲಲ್ಲಿ ಜಾಗ ತಪ್ಪಿದ್ದವು. ಅವು ಕಣ್ಣಿಗೆ ಕುಕ್ಕುವ ತಪ್ಪುಗಳು, ಆದ್ದರಿಂದ ಸುಲಭವಾಗಿ ಸಿಗುತ್ತವೆ. ಓದಲು ಸಲೀಸಾಗಿರುವ ತಪ್ಪೇ ಅಪಾಯಕಾರಿ. ಲೇಖಕರ ಮಾತಿನ ಕೊನೆಯ ಸಾಲಿನಲ್ಲಿ ‘ನಿಮಗೆಲ್ಲ ಅಭಾರಿ’ ಎಂದಿತ್ತು. ಒಂದು ದೀರ್ಘ ತಪ್ಪಿ ಕೃತಜ್ಞತೆಯ ಮಾತು ತನ್ನ ಅರ್ಥವನ್ನೇ ಕಳೆದುಕೊಂಡಿತ್ತು. ಎರಡು ಸಲ ಓದಿದಾಗಲೂ ಅದು ನನ್ನ ಕಣ್ಣು ತಪ್ಪಿಸಿತ್ತು. ಮೂರನೆಯ ಸಲ ಕೊನೆಯ ಸಾಲಿನಿಂದ ಮೇಲಕ್ಕೆ ಒಂದೊಂದೇ ಪದವಾಗಿ ಓದಿದಾಗ ಸಿಕ್ಕಿತು. ಅರ್ಥದ ಓಟದಲ್ಲಿ ಕಣ್ಣು ಜಾರಿಹೋಗದಿರಲು ಹಿಂದುಮುಂದಾಗಿ ಓದುವುದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಕಂಡಿಲ್ಲ.

ಊಟವಾದ ಮೇಲೆ ಬಿಸಿಲು ಹಿತ್ತಲ ಕಟ್ಟೆಗೆ ಬಂದಿರುತ್ತದೆ. ಗೊಂಬೆಯ ಕೆಲಸಕ್ಕೆ ಅದೇ ಹೊತ್ತು. ಪಟ್ಟದ ಗೊಂಬೆಯೆಂದರೆ ರಾಜ ರಾಣಿಯರ ಜೋಡಿ. ಮದುವೆಯಲ್ಲಿ ತವರಿನಿಂದ ಮಗಳಿಗೆ ಕೊಡುವಂಥದ್ದು. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಮಿಕ್ಕ ಗೊಂಬೆಗಳು ವರ್ಷವರ್ಷಕ್ಕೆ ಬದಲಾಗಬಹುದು, ಈ ಜೋಡಿ ಬದಲಾಗುವುದಿಲ್ಲ. ಈ ಸಲ ನನ್ನ ಬಳಿ ಇರುವುದು ಹಿಂದಿನ ಬೀದಿಯ ಅಜ್ಜಿಯೊಬ್ಬರದು. ಒಂದು ಗೇಣಿಗಿಂತ ತುಸು ಎತ್ತರವಿರುವ ರಕ್ತಚಂದನದ ಗೊಂಬೆಗಳು. ರಾಣಿಯ ಕಿರೀಟದ ಅಂಚು ಒಡೆದಿತ್ತು, ಬೆನ್ನಿನಲ್ಲಿ ಹಳೆಯ ಮೆರುಗು ಹಪ್ಪಳದಂತೆ ಎದ್ದಿತ್ತು. ಒಡೆದ ಅಂಚನ್ನು ಮರದ ಹುಡಿ ಮತ್ತು ಹುಣಸೆಬೀಜದ ಅಂಟು ಕಲಸಿ ತುಂಬಿದ್ದೆ. ಹುಣಸೆಬೀಜವನ್ನು ಹುರಿದು, ಸಿಪ್ಪೆ ತೆಗೆದು, ರಾತ್ರಿಯಿಡೀ ನೆನೆಸಿ ನುಣ್ಣಗೆ ಅರೆದು ಕಾಯಿಸಿದರೆ ಈ ಅಂಟು ಬರುತ್ತದೆ. ಕೊಪ್ಪಳದ ಕಿನ್ನಾಳದ ಚಿತ್ರಗಾರರು ತಮ್ಮ ಗೊಂಬೆಗಳಿಗೆ ಇದನ್ನೇ ಬಳಸುತ್ತಾರೆ. ಅಂಗಡಿಯ ಅಂಟಿಗಿಂತ ನಿಧಾನವಾಗಿ ಒಣಗಿದರೂ ಮುಂದೆ ಬೇಕೆಂದಾಗ ನೀರು ತಾಗಿಸಿ ಬಿಡಿಸಬಹುದು. ಇನ್ನೊಬ್ಬರ ತವರಿನ ವಸ್ತುವಿಗೆ ಮತ್ತೆ ಬಿಚ್ಚಲಾರದಂಥ ಕೆಲಸ ಮಾಡಬಾರದೆಂದು ನಾನು ನಂಬಿದ್ದೇನೆ.

ಇನ್ನು ಮೆರುಗಿನ ವಿಷಯ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯ ಉಂಡೆಯನ್ನು ಹಳೆಯ ಪಂಚೆಯ ಚೂರಿನಲ್ಲಿ ಸುತ್ತಿ, ತೆಳುವಾಗಿ ಸವರಬೇಕು. ಕಳೆದ ವರ್ಷ ಶ್ರಾವಣದ ಜಡಿಮಳೆಯಲ್ಲಿ, ಕೆಲಸ ಬೇಗ ಮುಗಿಯಲೆಂಬ ಆತುರದಿಂದ, ಒಂದು ರಾಜನ ಗೊಂಬೆಗೆ ಮೆರುಗು ಹಚ್ಚಿದ್ದೆ. ನೋಡುತ್ತಿದ್ದಂತೆ ಮೈಯೆಲ್ಲ ಬೂದಿ ಬಳಿದ ಹಾಗೆ ಬೆಳ್ಳಗಾಯಿತು. ಸ್ಪಿರಿಟ್ಟು ಆರುವಾಗ ಮರದ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದು ಆ ತಂಪಿಗೆ ಹನಿಗಟ್ಟಿ ಅರಗಿನ ಪದರದೊಳಗೇ ಸಿಕ್ಕಿಕೊಳ್ಳುತ್ತದೆ. ಆ ಬಿಳುಪನ್ನು ತೆಗೆಯಲು ಪೂರ್ತಿ ಮೆರುಗನ್ನು ಒರೆಸಿ ಮೊದಲಿನಿಂದ ಆರಂಭಿಸಬೇಕಾಯಿತು. ಗೊಂಬೆಯ ಒಡತಿ ಬಂದು ನೋಡಿ ಏನೂ ಅನ್ನದೆ ಹೋದದ್ದು ನನಗೆ ಈಗಲೂ ನೋವಿನ ನೆನಪು. ಅಂದಿನಿಂದ ಈ ಕೆಲಸವನ್ನು ಭಾದ್ರಪದದ ಕೊನೆಯ ಒಣ ಮಧ್ಯಾಹ್ನಗಳಿಗೆಂದೇ ಎತ್ತಿಡುತ್ತೇನೆ, ಕೆರೆಯ ಮಂಜನ್ನು ನೋಡದೆ ಶೀಸೆಯ ಮುಚ್ಚಳ ತೆಗೆಯುವುದಿಲ್ಲ.

ಬುಧವಾರ ಎರಡೂವರೆಗೆ ರಾಣಿಗೆ ಎರಡನೆಯ ಲೇಪ ಸವರಿದೆ. ನೇರ ಬಿಸಿಲಿಗಿಟ್ಟರೆ ಗುಳ್ಳೆ ಏಳುತ್ತದೆಂದು ಕಟ್ಟೆಯ ನೆರಳಿನ ಅಂಚಿನಲ್ಲಿ, ಗಾಳಿ ಆಡುವಲ್ಲಿ ನಿಲ್ಲಿಸಿದೆ. ಅದು ಆರುವಷ್ಟರಲ್ಲಿ ಉಳಿದ ಅರ್ಧ ಫಾರಂ ಓದಿದೆ. ಒಂದೊಂದು ಪುಟ ಮುಗಿದಾಗಲೂ ಎದ್ದು ಹೋಗಿ ನೋಡಿ ಬಂದೆ. ನೀವು ಕೇಳಿದ ಸಮಯ ನನಗೆ ಸಿಗುವುದು ಹೀಗೆ: ಲೇಪಕ್ಕೂ ಲೇಪಕ್ಕೂ ನಡುವೆ ಕರಡು, ಕರಡಿಗೂ ಕರಡಿಗೂ ನಡುವೆ ಲೇಪ. ಒಂದರಿಂದ ದಣಿದ ಕಣ್ಣು ಇನ್ನೊಂದರಲ್ಲಿ ಸುಧಾರಿಸಿಕೊಳ್ಳುತ್ತದೆ.

ಐದಕ್ಕೆ ರಾಗಿ ಬೀಸಿಸಲು ಮಿಲ್ಲಿಗೆ ಹೋಗಿ ಬಂದೆ. ಚಾಮುಂಡಿ ಬೆಟ್ಟದ ಕಡೆ ಮೋಡ ಕಟ್ಟಿದ್ದನ್ನು ಕಂಡು ಬಿರಬಿರನೆ ನಡೆದು ಬಂದು, ಮೊದಲ ಹನಿ ಬೀಳುವ ಮುನ್ನ ರಾಣಿಯನ್ನು ಒಳಗೆ ತಂದೆ. ಬೆರಳಿನ ಹಿಂಬದಿಯಿಂದ ಬೆನ್ನನ್ನು ಮುಟ್ಟಿ ನೋಡಿದೆ; ಅಂಟಲಿಲ್ಲ, ಎಲ್ಲೂ ಬೆಳ್ಳಗಾಗಿರಲಿಲ್ಲ, ಮರದ ಕೆಂಪು ಎಳೆಗಳು ತಿಳಿಯಾಗಿ ಕಾಣುತ್ತಿದ್ದವು. ರಾತ್ರಿ ಊಟವಾದ ಮೇಲೆ ದರ್ಜಿಯ ಚೀಲವನ್ನು ಚಾಪೆಯ ಮೇಲೆ ಸುರುವಿ, ಅಂಚಿನಲ್ಲಿ ಜರಿಯಿದ್ದ ಗಿಳಿಹಸಿರು ಚೂರೊಂದನ್ನು ರಾಣಿಯ ಸೀರೆಗೆಂದು ಆರಿಸಿದೆ. ರಾಜನ ಪಂಚೆಗೆ ಹೊಂದುವ ಬಿಳಿ ಚೂರು ಆ ಚೀಲದಲ್ಲಿರಲಿಲ್ಲ. ಶನಿವಾರ ಅಜ್ಜಿ ಬಂದಾಗ ಅವರ ಮನೆಯಲ್ಲಿ ಹಳೆಯ ಮಗುಟವೇನಾದರೂ ಉಳಿದಿದೆಯೇ ಎಂದು ಕೇಳಬೇಕು.