1 ಚೆಂಡಿಗೆ 22 ರನ್, ಮತ್ತು ಮಳೆಯ ಲೆಕ್ಕ ತಂದ ಇನ್ನೂ ಕೆಲವು ಮುಜುಗರಗಳು

ಕ್ರೀಡಾ ಜಗತ್ತಿನಲ್ಲಿ ನೋಡಿದವರು ನಂಬಲಾರದಂಥ, ಆಡಿದವರು ತಲೆ ತಗ್ಗಿಸುವಂಥ ಘಟನೆ ಯಾವುದು ಎಂದು ಕೇಳಿದ್ದೀರಿ. ಜಾರಿ ಬಿದ್ದದ್ದು, ತಮ್ಮದೇ ಗೋಲಿಗೆ ಚೆಂಡು ಹೊಡೆದದ್ದು, ಇಂಥವೆಲ್ಲ ಯೂಟ್ಯೂಬ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ನಾನು ವಾರಾಂತ್ಯದಲ್ಲಿ ಕ್ಲಬ್ ಕ್ರಿಕೆಟ್ ಪಂದ್ಯಗಳಿಗೆ ಸ್ಕೋರ್ ಬರೆಯುವವನು. ಆಟಗಾರನ ಕೈಕಾಲಿಗಿಂತ ಮೊದಲು ನನ್ನ ಗಮನ ಹೋಗುವುದು ಅವನ ಹೆಸರಿನ ಮುಂದೆ ಬಿದ್ದ ಅಂಕಿಯ ಮೇಲೆ. ಹಾಗಾಗಿ ನನ್ನ ಉತ್ತರ 2003ರ ಮಾರ್ಚ್ 3ರಂದು ಡರ್ಬನ್‌ನ ಕಿಂಗ್ಸ್‌ಮೀಡ್ ಮೈದಾನದಲ್ಲಿ ಬಿದ್ದ ಒಂದು ಚೆಂಡು.

ಅದು ವಿಶ್ವಕಪ್. ಆತಿಥ್ಯ ದಕ್ಷಿಣ ಆಫ್ರಿಕಾದ್ದೇ, ಕೆಲವು ಪಂದ್ಯಗಳು ಮಾತ್ರ ಜಿಂಬಾಬ್ವೆ ಮತ್ತು ಕೀನ್ಯಾದಲ್ಲಿ. ತವರಿನ ತಂಡ ಆಗಲೇ ವೆಸ್ಟ್ ಇಂಡೀಸ್ ಮತ್ತು ನ್ಯೂಜಿಲೆಂಡ್ ಎದುರು ಸೋತು ಕೂತಿತ್ತು. ಶ್ರೀಲಂಕಾ ವಿರುದ್ಧ ಗೆಲ್ಲಲೇಬೇಕಿತ್ತು. ಮರ್ವನ್ ಅಟಪಟ್ಟು 124, ಅರವಿಂದ ಡಿ ಸಿಲ್ವ 73 ಹೊಡೆದು ಶ್ರೀಲಂಕಾ 9 ವಿಕೆಟ್‌ಗೆ 268 ಮಾಡಿತು. ದಕ್ಷಿಣ ಆಫ್ರಿಕಾ ಬೆನ್ನಟ್ಟುತ್ತಿದ್ದಾಗ ಮೋಡ ಕವಿಯಿತು, ಹನಿ ಶುರುವಾಯಿತು. ಆಟ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು ಎಂದು ಎಲ್ಲರಿಗೂ ಗೊತ್ತಿತ್ತು. ಆಗ ಪೆವಿಲಿಯನ್‌ನಿಂದ ಕ್ರೀಸಿನಲ್ಲಿದ್ದ ಮಾರ್ಕ್ ಬೌಷರ್‌ಗೆ ಸಂದೇಶ ಹೋಯಿತು: ಇನ್ನೊಂದು ವಿಕೆಟ್ ಬೀಳದೆ 45ನೇ ಓವರ್ ಮುಗಿಯುವಾಗ 229 ಆಗಿದ್ದರೆ ಸಾಕು.

ಬೌಲಿಂಗ್ ಮಾಡುತ್ತಿದ್ದವರು ಮುತ್ತಯ್ಯ ಮುರಳೀಧರನ್. ಓವರಿನ ಐದನೇ ಚೆಂಡನ್ನು ಬೌಷರ್ ಸಿಕ್ಸರ್‌ಗೆ ಎತ್ತಿದರು. ಸ್ಕೋರ್ ಸರಿಯಾಗಿ 229. ಮೈದಾನ ಕುಣಿದಾಡಿತು. ಉಳಿದದ್ದು ಒಂದೇ ಚೆಂಡು. ಅದನ್ನು ಬೌಷರ್ ಲೆಗ್ ಸೈಡಿಗೆ ಮೆತ್ತಗೆ ತಳ್ಳಿ ನಿಂತಲ್ಲೇ ನಿಂತರು. ಸಿಂಗಲ್ ತೆಗೆಯುವ ಪ್ರಯತ್ನವನ್ನೂ ಮಾಡಲಿಲ್ಲ. ಕೆಲಸ ಮುಗಿದಿದೆ, ಇನ್ನು ವಿಕೆಟ್ ಉಳಿಸಿಕೊಂಡರೆ ಆಯಿತು ಎಂಬ ನಿಲುವು ಅದು. ಮಳೆ ಜೋರಾಯಿತು, ಆಟಗಾರರು ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ. ಲೆಕ್ಕ ನೋಡಿದರೆ 229 ಗೆಲುವಿನ ಅಂಕಿಯಲ್ಲ, ಟೈ ಆಗುವ ಅಂಕಿ. ಗೆಲ್ಲಲು 230 ಬೇಕಿತ್ತು. ಪಂದ್ಯ ಟೈ, ದಕ್ಷಿಣ ಆಫ್ರಿಕಾ ತನ್ನದೇ ವಿಶ್ವಕಪ್‌ನ ಮೊದಲ ಸುತ್ತಿನಲ್ಲೇ ಹೊರಗೆ.

ಎಡವಟ್ಟು ಎಲ್ಲಾಯಿತು ಎಂದು ಬಿಡಿಸಿ ಹೇಳಬೇಕು, ಏಕೆಂದರೆ ಇಷ್ಟು ವರ್ಷಗಳ ಮೇಲೂ ಜನ ಬೌಷರ್‌ನನ್ನೇ ಆಡಿಕೊಳ್ಳುತ್ತಾರೆ. ಮಳೆಯಿಂದ ಆಟ ನಿಂತಾಗ ಗುರಿ ಲೆಕ್ಕ ಹಾಕುವ ಡಕ್‌ವರ್ತ್-ಲೂಯಿಸ್ ವಿಧಾನದ ಹಾಳೆಯಲ್ಲಿ ಪ್ರತಿ ಓವರಿಗೆ ಒಂದು ಸಾಲು, ಬಿದ್ದ ವಿಕೆಟ್‌ಗಳಿಗೆ ಒಂದೊಂದು ಕಾಲಂ. ಎರಡೂ ಕೂಡುವ ಮನೆಯಲ್ಲಿರುವ ಸಂಖ್ಯೆಗೆ ಪಾರ್ ಸ್ಕೋರ್ ಎನ್ನುತ್ತಾರೆ. ಆಟ ಅಲ್ಲಿಗೇ ನಿಂತರೆ ಎರಡೂ ತಂಡ ಸಮ ಎಂದು ಅದರ ಅರ್ಥ. ಗೆಲ್ಲಬೇಕಾದರೆ ಅದಕ್ಕಿಂತ ಒಂದು ಹೆಚ್ಚಿಗೆ ಬೇಕು. ಡ್ರೆಸ್ಸಿಂಗ್ ರೂಮಿನಲ್ಲಿ ಆ ಹಾಳೆ ಓದಿದವರು ಮನೆಯಲ್ಲಿದ್ದ ಅಂಕಿಯನ್ನೇ ಗುರಿ ಎಂದುಕೊಂಡರು. ಮುರಳಿಯಂಥ ಬೌಲರ್‌ನನ್ನು ಎದುರಿಸುತ್ತ, ಮುಖಕ್ಕೆ ಹನಿ ಹೊಡೆಯುತ್ತಿರುವಾಗ, ಮಧ್ಯದಲ್ಲಿ ನಿಂತ ಆಟಗಾರ ಹಾಳೆ ತರಿಸಿಕೊಂಡು ಪರಿಶೀಲಿಸಲು ಆಗುತ್ತದೆಯೇ? ಹೇಳಿದ ಅಂಕಿಯನ್ನು ಹೇಳಿದ ಓವರಿನೊಳಗೆ, ಅದೂ ಸಿಕ್ಸರ್ ಹೊಡೆದು, ಮುಟ್ಟಿಸಿದ ಮನುಷ್ಯ ಅವನು. ಸ್ಕೋರ್ ಪುಸ್ತಕದಲ್ಲಿ ಆ 6ರ ಪಕ್ಕ ಬಿದ್ದಿರುವ ಚುಕ್ಕೆ, ಅಂದರೆ ರನ್ ಬಾರದ ಚೆಂಡಿನ ಗುರುತು, ಬೌಷರ್‌ನ ತಪ್ಪಲ್ಲ ಎಂದು ನಾನು ಎಲ್ಲಿ ಬೇಕಾದರೂ ವಾದಿಸುತ್ತೇನೆ. ನಾಯಕ ಶಾನ್ ಪೊಲಾಕ್ ಅಂತೂ ಇದಾದ ಮೇಲೆ ನಾಯಕತ್ವವನ್ನೇ ಕಳೆದುಕೊಂಡರು. ಅವರ ಜಾಗಕ್ಕೆ ಬಂದವರು 22 ವರ್ಷದ ಗ್ರೇಮ್ ಸ್ಮಿತ್.

ನಮ್ಮ ಪಂದ್ಯಗಳಲ್ಲಿ ಮಳೆಯ ಸೂಚನೆ ಕಂಡಾಗ ನಾನು ಒಳಗೆ ಕಳಿಸುವ ಚೀಟಿಯಲ್ಲಿ ಯಾವಾಗಲೂ ಎರಡು ಸಾಲು ಇರುತ್ತದೆ. ಟೈಗೆ ಇಷ್ಟು, ಗೆಲುವಿಗೆ ಇಷ್ಟು. ಒಂದೇ ಅಂಕಿ ಬರೆದು ಕಳಿಸಲು ಈ ಡರ್ಬನ್ ಪಂದ್ಯ ನನ್ನನ್ನು ಬಿಡುವುದಿಲ್ಲ.

ದಕ್ಷಿಣ ಆಫ್ರಿಕಾದವರಿಗೆ "ಚೋಕರ್ಸ್", ಅಂದರೆ ಒತ್ತಡದಲ್ಲಿ ಕೈಚೆಲ್ಲುವವರು, ಎಂಬ ಅಡ್ಡಹೆಸರು ಅಂಟಿಸಿಬಿಟ್ಟಿದ್ದಾರಲ್ಲ, ಅದರ ಪಟ್ಟಿಯಲ್ಲಿ ಈ ಪಂದ್ಯವನ್ನೂ 1992ರ ಸಿಡ್ನಿ ಸೆಮಿಫೈನಲನ್ನೂ ಸೇರಿಸುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಒತ್ತಡಕ್ಕೆ ಸಿಕ್ಕಿ ಕೈಬಿಟ್ಟ ಪಂದ್ಯ ಎಂದರೆ 1999ರ ವಿಶ್ವಕಪ್‌ನಲ್ಲಿ ಆಸ್ಟ್ರೇಲಿಯಾ ಎದುರಿನ ಎಜ್‌ಬಾಸ್ಟನ್ ಸೆಮಿಫೈನಲ್. ಸ್ಕೋರ್ ಸಮವಾಗಿ, ಗೆಲ್ಲಲು ಒಂದೇ ರನ್ ಬೇಕಿದ್ದಾಗ ಲ್ಯಾನ್ಸ್ ಕ್ಲೂಸ್ನರ್ ಓಡಿ ಬಂದರು, ಅಲನ್ ಡೊನಾಲ್ಡ್ ನಿಂತುಬಿಟ್ಟರು, ಬ್ಯಾಟೂ ಕೈ ಜಾರಿತು. ಅಲ್ಲಿ ಮಳೆಯೂ ಇರಲಿಲ್ಲ, ಹಾಳೆಯೂ ಇರಲಿಲ್ಲ. ಸಿಡ್ನಿಯ ಕಥೆ ಬೇರೆಯೇ.

ವರ್ಣಭೇದದ ಕಾರಣಕ್ಕೆ ದಶಕಗಳ ಕಾಲ ಹೊರಗಿದ್ದ ದಕ್ಷಿಣ ಆಫ್ರಿಕಾಕ್ಕೆ 1992ರದು ಮೊದಲ ವಿಶ್ವಕಪ್. ಸೆಮಿಫೈನಲ್ ನಡೆದದ್ದು ಮಾರ್ಚ್ 22ಕ್ಕೆ. ಅದಕ್ಕೆ ಐದು ದಿನ ಮೊದಲಷ್ಟೇ, ವರ್ಣಭೇದ ಕೊನೆಗಾಣಿಸುವ ಮಾತುಕತೆ ಮುಂದುವರಿಯಬೇಕೇ ಎಂದು ಅಲ್ಲಿನ ಬಿಳಿಯರು ಮತ ಹಾಕಿ ಹೌದು ಎಂದಿದ್ದರು. ಅಂಥ ಹೊತ್ತಿನಲ್ಲಿ ಆಡುತ್ತಿದ್ದ ತಂಡ ಅದು. ಇಂಗ್ಲೆಂಡ್ 45 ಓವರ್‌ಗೆ 252 ಮಾಡಿತ್ತು. ಬ್ರಯಾನ್ ಮೆಕ್‌ಮಿಲನ್, ಡೇವ್ ರಿಚರ್ಡ್‌ಸನ್ ಕ್ರೀಸಿನಲ್ಲಿದ್ದಾಗ 13 ಚೆಂಡಿಗೆ 22 ಬೇಕಿತ್ತು. ಕಷ್ಟವೇ, ಆದರೆ ಆಗದ ಮಾತಲ್ಲ. ಅಷ್ಟರಲ್ಲಿ ಮಳೆ ಬಂತು. ಆಟ ನಿಂತದ್ದು ಹನ್ನೆರಡೇ ನಿಮಿಷ.

ಆ ವಿಶ್ವಕಪ್‌ಗೆಂದು ಮಾಡಿಕೊಂಡಿದ್ದ ಮಳೆ ನಿಯಮ ಹೀಗಿತ್ತು: ಎರಡನೆಯದಾಗಿ ಆಡುವ ತಂಡ ಎಷ್ಟು ಓವರ್ ಕಳೆದುಕೊಳ್ಳುತ್ತದೋ, ಮೊದಲು ಆಡಿದ ತಂಡದ ಇನಿಂಗ್ಸ್‌ನಲ್ಲಿ ಎಲ್ಲಕ್ಕಿಂತ ಕಡಿಮೆ ರನ್ ಬಂದ ಅಷ್ಟು ಓವರ್‌ಗಳನ್ನು ಲೆಕ್ಕದಿಂದ ತೆಗೆಯಬೇಕು. ಕೇಳಲು ನ್ಯಾಯವಾಗಿದೆ. ಆದರೆ ಎದುರಾಳಿಯ ಇನಿಂಗ್ಸ್‌ನಲ್ಲಿ ಕಡಿಮೆ ರನ್ ಬಂದ ಓವರ್ ಎಂದರೆ ನೀವೇ ಚೆನ್ನಾಗಿ ಬೌಲ್ ಮಾಡಿದ ಓವರ್. ಚೆನ್ನಾಗಿ ಬೌಲ್ ಮಾಡಿದಷ್ಟೂ ನಿಮ್ಮ ಗುರಿ ಇಳಿಯುವುದಿಲ್ಲ! ಸಿಡ್ನಿಯಲ್ಲಿ ಎರಡು ಓವರ್ ಕಡಿತವಾಯಿತು, ಗುರಿಯಿಂದ ಇಳಿದದ್ದು ಒಂದೇ ರನ್. ಮೊದಲು 7 ಚೆಂಡಿಗೆ 22 ಎಂದರು, ಆಮೇಲೆ ಮೈದಾನದ ದೊಡ್ಡ ಫಲಕದಲ್ಲಿ 1 ಚೆಂಡಿಗೆ 22 ಎಂದು ಬಂತು. ಸರಿಯಾದ ಅಂಕಿ 21. ಇಡೀ ಜಗತ್ತು ನೋಡುತ್ತಿದ್ದ ಆ ಫಲಕದ ಲೆಕ್ಕವೂ ತಪ್ಪೇ. ಕ್ರಿಸ್ ಲೂಯಿಸ್ ಎಸೆದ ಆ ಒಂದು ಚೆಂಡನ್ನು ಮೆಕ್‌ಮಿಲನ್ ತಳ್ಳಿ ಒಂದು ರನ್ ಓಡಿದರು, ಪಂದ್ಯ ಮುಗಿಯಿತು. ಸೋತ ತಂಡ ಮೈದಾನದ ಸುತ್ತ ಬಂದು ಪ್ರೇಕ್ಷಕರಿಗೆ ಕೈಬೀಸಿ ಹೋಯಿತು. ಅವತ್ತು ಮುಜುಗರ ಪಡಬೇಕಾದವರು ಮೈದಾನದಲ್ಲಿ ಇರಲಿಲ್ಲ, ನಿಯಮ ಬರೆದವರು.

ಇದೇ ನಿಯಮ ನಮ್ಮನ್ನೂ ಸುಟ್ಟಿದೆ ಎನ್ನುವುದು ಬಹಳ ಜನರಿಗೆ ನೆನಪಿಲ್ಲ. ಅದೇ ವರ್ಷ ಮಾರ್ಚ್ 1, ಬ್ರಿಸ್ಬೇನ್. ಆಸ್ಟ್ರೇಲಿಯಾ 237 ಮಾಡಿತ್ತು. ಮಳೆಯಿಂದ ಭಾರತಕ್ಕೆ ಮೂರು ಓವರ್ ಹೋಯಿತು, ಗುರಿಯಿಂದ ಹೋದದ್ದು ಎರಡೇ ರನ್. 47 ಓವರ್‌ಗೆ 236. ಅಜರುದ್ದೀನ್ 93 ಹೊಡೆದು ಹತ್ತಿರ ತಂದಿದ್ದರು. ಕೊನೆಯ ಓವರಿಗೆ 13 ಬೇಕಿದ್ದಾಗ ಕಿರಣ್ ಮೋರೆ ಟಾಮ್ ಮೂಡಿಗೆ ಎರಡು ಬೌಂಡರಿ ಬಾರಿಸಿ ಔಟಾದರು. ಕೊನೆಯ ಚೆಂಡಿಗೆ 4 ಬೇಕು, ಎದುರಿಸುತ್ತಿರುವವರು ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್, ತಂಡಕ್ಕೆ ಬಂದು ಇನ್ನೂ ವರ್ಷ ತುಂಬದ ಹುಡುಗ. ಎತ್ತಿ ಹೊಡೆದರು. ಚೆಂಡು ಬೌಂಡರಿಯ ಹತ್ತಿರ ಸ್ಟೀವ್ ವಾ ಕೈಗೆ ಹೋಯಿತು, ಕ್ಯಾಚ್ ಜಾರಿತು. ಎರಡು ರನ್ ಓಡಿದರು, ಮೂರನೆಯದು ಸಿಕ್ಕಿದ್ದರೆ ಟೈ. ವೆಂಕಟಪತಿ ರಾಜು ಓಡುತ್ತಿರುವಾಗಲೇ ಚೆಂಡು ಕೀಪಿಂಗ್ ಮಾಡುತ್ತಿದ್ದ ಡೇವಿಡ್ ಬೂನ್ ಕೈ ಸೇರಿತು, ರನ್ ಔಟ್. ಸೋಲು ಒಂದೇ ರನ್ನಿಂದ. ಮೂರು ಓವರಿಗೆ ನಾಲ್ಕು ರನ್ ಇಳಿಸಿದ್ದರೂ ಗೆದ್ದಿರುತ್ತಿದ್ದೆವು. ಸಿಡ್ನಿಗೆ ಜಗತ್ತೆಲ್ಲ ಕಣ್ಣೀರು ಹಾಕುತ್ತದೆ, ಬ್ರಿಸ್ಬೇನ್ ಪಂದ್ಯದ ಮಾತು ಎತ್ತುವವರೇ ಇಲ್ಲ.

ಅದೇ ಮಾರ್ಚ್ 1ರಂದು ಅಡಿಲೇಡ್‌ನಲ್ಲಿ ಇಂಗ್ಲೆಂಡ್ ಎದುರು ಪಾಕಿಸ್ತಾನ 74ಕ್ಕೆ ಆಲೌಟ್ ಆಗಿತ್ತು. ಸೋಲು ಖಚಿತ. ಆದರೆ ಮಳೆ ಬಂದು ಪಂದ್ಯ ರದ್ದಾಯಿತು, ಪಾಕಿಸ್ತಾನಕ್ಕೆ ಒಂದು ಅಂಕ ಸಿಕ್ಕಿತು. ಲೀಗ್ ಮುಗಿದಾಗ ಪಾಕಿಸ್ತಾನ 9 ಅಂಕ, ಆಸ್ಟ್ರೇಲಿಯಾ 8. ಆ ಒಂದು ಅಂಕದಿಂದ ಸೆಮಿಫೈನಲ್ ಸೇರಿದ ಇಮ್ರಾನ್ ಖಾನ್ ತಂಡ ಕಪ್ಪನ್ನೇ ಎತ್ತಿಕೊಂಡು ಹೋಯಿತು. ನಿಮ್ಮ ಪ್ರಶ್ನೆಯ "ಅಚ್ಚರಿ" ಭಾಗಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಸಿಡ್ನಿಯ ಆ ರಂಪದ ನಂತರವೇ ಫ್ರಾಂಕ್ ಡಕ್‌ವರ್ತ್, ಟೋನಿ ಲೂಯಿಸ್ ಎಂಬ ಇಬ್ಬರು ಇಂಗ್ಲಿಷ್ ಸಂಖ್ಯಾಶಾಸ್ತ್ರಜ್ಞರ ವಿಧಾನ ಕ್ರಿಕೆಟ್‌ಗೆ ಬಂತು. 1997ರ ಜನವರಿ 1ರಂದು ಹರಾರೆಯ ಜಿಂಬಾಬ್ವೆ-ಇಂಗ್ಲೆಂಡ್ ಪಂದ್ಯದಲ್ಲಿ ಅದರ ಮೊದಲ ಬಳಕೆ. ಉಳಿದ ಓವರ್ ಎಷ್ಟು, ಕೈಯಲ್ಲಿರುವ ವಿಕೆಟ್ ಎಷ್ಟು ಎಂದು ಎರಡನ್ನೂ ಸೇರಿಸಿ ಅಳೆಯುವುದು ಅದರ ತಿರುಳು. ಆ ಲೆಕ್ಕದಲ್ಲಿ ಸಿಡ್ನಿಯ ಕೊನೆಯ ಚೆಂಡಿಗೆ ಗೆಲ್ಲಲು 5 ರನ್ ಬೇಕಾಗುತ್ತಿತ್ತು. ಟೈಗೆ ಒಂದು ಬೌಂಡರಿ, ಗೆಲುವಿಗೆ ಒಂದು ಸಿಕ್ಸರ್. ಪ್ರೇಕ್ಷಕರು ಎದ್ದು ನಿಂತು ನೋಡುವ ಚೆಂಡಾಗುತ್ತಿತ್ತು ಅದು. ಈ ವಿಧಾನವನ್ನು ಬೈಯುವವರಿಗೆ ನಾನು 21 ಮತ್ತು 5, ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದು ತೋರಿಸುತ್ತೇನೆ.

ಹಾಗೆಂದು ಅಚ್ಚರಿಗಳೇನೂ ನಿಂತಿಲ್ಲ. 2023ರ ನವೆಂಬರ್ 4ರಂದು ನಮ್ಮ ಬೆಂಗಳೂರಿನ ಚಿನ್ನಸ್ವಾಮಿಯಲ್ಲೇ ನಡೆಯಿತಲ್ಲ. ಪಾಕಿಸ್ತಾನದ ಎದುರು ನ್ಯೂಜಿಲೆಂಡ್ 401 ಹೊಡೆಯಿತು. ಅಪ್ಪ-ಅಮ್ಮನ ಊರಿನಲ್ಲಿ ಆಡುತ್ತಿದ್ದ ರಚಿನ್ ರವೀಂದ್ರ 108. ವಿಶ್ವಕಪ್ ಪಂದ್ಯದಲ್ಲಿ 401 ಮಾಡಿ ಸೋಲುವುದುಂಟೇ? ಸೋತರು. ಫಖರ್ ಜಮಾನ್ ಮಳೆ ಬರುವುದನ್ನು ಮೊದಲೇ ತಿಳಿದವರಂತೆ ಆಡಿ 81 ಚೆಂಡಿಗೆ 126 ಬಾರಿಸಿದರು, ಅದರಲ್ಲಿ 11 ಸಿಕ್ಸರ್. ಮೊದಲ ಮಳೆಗೆ ಗುರಿ 41 ಓವರ್‌ಗೆ 342 ಆಯಿತು. ಎರಡನೇ ಮಳೆ ಬಂದಾಗ ಪಾಕಿಸ್ತಾನ 25.3 ಓವರಿಗೆ ಒಂದೇ ವಿಕೆಟ್ ಕಳೆದುಕೊಂಡು 200ರಲ್ಲಿತ್ತು, ಪಾರ್ ಸ್ಕೋರ್‌ಗಿಂತ 21 ಮುಂದೆ. ಅಲ್ಲಿಗೆ ಆಟ ಮುಗಿಯಿತು.

401 ಹೊಡೆದೂ ಸೋತ ನ್ಯೂಜಿಲೆಂಡ್ ಮುಜುಗರ ಪಡಬೇಕೇ ಎಂದು ಅವತ್ತು ಹಲವರು ಕೇಳಿದರು. ಇಲ್ಲ ಎನ್ನುತ್ತೇನೆ ನಾನು. ಒಂದೇ ವಿಕೆಟ್ ಬಿದ್ದಿದ್ದಾಗ ಓವರಿಗೆ ಎಂಟರ ಹತ್ತಿರ ರನ್ ಬರುತ್ತಿದ್ದರೆ, ಯಾವ ಲೆಕ್ಕ ಹಾಕಿದರೂ ಮುಂದಿರುವವರು ಬ್ಯಾಟ್ ಮಾಡುತ್ತಿದ್ದವರೇ. ಈಗ ಪಾರ್ ಸ್ಕೋರ್ ಟಿವಿ ಪರದೆಯ ಮೇಲೆಯೇ ಬರುತ್ತದೆ, ಮನೆಯಲ್ಲಿ ಕೂತ ನಮಗೂ ಕಾಣುತ್ತದೆ. ಫಖರ್‌ಗೂ ಜೊತೆಯಲ್ಲಿ ಆಡುತ್ತಿದ್ದ ಬಾಬರ್ ಆಜಂಗೂ ತಾವು ಎಷ್ಟು ಮುಂದಿದ್ದೇವೆ ಎಂದು ಗೊತ್ತಿತ್ತು, ಫೀಲ್ಡಿಂಗ್ ಮಾಡುತ್ತಿದ್ದ ನ್ಯೂಜಿಲೆಂಡ್ ನಾಯಕ ಕೇನ್ ವಿಲಿಯಮ್ಸನ್‌ಗೂ ಗೊತ್ತಿತ್ತು.